ಚೆನ್ನಾಗಿ ನೋಡ್ಕೊಳ್ಳಿ, ಅಕ್ಕಾ

"ಮಗಳನ್ನ ಚೆನ್ನಾಗಿ ನೋಡ್ಕೊಳ್ಳಿ, ಅಕ್ಕಾ."

ಆ ಹುಡುಗ ಅಂದಿದ್ದು ಇಷ್ಟೇ. ಸೋಮವಾರ ಸಂಜೆಯಿಂದ ಇದೇ ಮಾತು ಕಿವಿಯಲ್ಲಿ ಕೂತಿದೆ.

ಬೀದಿ ಮೂಲೆಯ ಹೂವಿನಕ್ಕನ ಹತ್ತಿರ ಕಾಕಡ ತಗೊಳ್ಳೋಕೆ ನಿಂತಿದ್ದೆ. ವಾರದ ಸಾಲದ ಹುಡುಗರಿಬ್ಬರು ಬಂದರು. ಎರಡು ಕಂತು ಬಾಕಿ ಇತ್ತಂತೆ. ಒಬ್ಬ ಬೈಕ್ ಮೇಲೇ ಇದ್ದ, ಇನ್ನೊಬ್ಬ ಬಂದು ಹೂವಿನ ಬುಟ್ಟಿ ಪಕ್ಕದ ಕಲ್ಲಿನ ಮೇಲೆ ಕೂತ. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿರಬಹುದು. ಇಸ್ತ್ರಿ ಮಾಡಿದ ಶರ್ಟು, ಹಣೆಗೆ ಕುಂಕುಮ. ಊಟ ಆಯ್ತಾ ಅಕ್ಕಾ ಅಂದ. ಮಗಳು ಯಾವ ಕಾಲೇಜು ಅಂತ ಕೇಳಿ ಉತ್ತರವನ್ನೂ ತಾನೇ ಹೇಳಿದ. ಮೂರೂವರೆಗೆ ಬಿಡುತ್ತಲ್ವಾ ಅಂದ. ಆಮೇಲೆ ಎದ್ದು, ಪ್ಯಾಂಟು ಕೊಡವಿಕೊಂಡು, ನಗುತ್ತಾ ಆ ಮಾತು ಅಂದ.

ಅಕ್ಕನ ಕೈ ನಿಂತುಹೋಯಿತು. ದಾರ ಅರ್ಧ ಗಂಟಿನಲ್ಲಿತ್ತು. ನಾಲ್ಕು ಹೂವು ಬೆರಳ ಸಂದಿಯಿಂದ ಮಡಿಲಿಗೆ ಬಿದ್ದವು.

ಮರುದಿನ ನಾವಿಬ್ಬರೂ ಸ್ಟೇಷನ್‌ಗೆ ಹೋದೆವು. ಹೋಗುವಾಗ ಕೆಳಗಿನ ಮನೆ ಅಂಕಲ್ ಸಿಕ್ಕಿ, "ಸಾಲ ತಗೊಂಡ ಮೇಲೆ ಕಟ್ಟಬೇಕಲ್ವಾ?" ಅಂದರು. ಕಟ್ಟಬೇಕು, ಯಾರು ಇಲ್ಲ ಅಂದರು? ಇವರದ್ದೇ ನಾಲ್ಕು ತಿಂಗಳ ನೀರಿನ ದುಡ್ಡು ಬಾಕಿ ಇದೆ. ಯಾರೂ ಹೋಗಿ ಅವರ ಮಗಳ ಕಾಲೇಜಿನ ಟೈಮ್ ಹೇಳಿಲ್ಲ.

ಸ್ಟೇಷನ್ ರೈಟರ್ ಒಳ್ಳೆಯ ಮನುಷ್ಯನೇ. ಕೂರಿಸಿ, ಹಾಳೆ ತೆಗೆದು, ಕೇಳುವ ಮೊದಲೇ ಅರ್ಧ ಬರೆದುಬಿಟ್ಟರು: "ಅವಾಚ್ಯ ಶಬ್ದಗಳಿಂದ ಬೈದು, ಜೀವ ಬೆದರಿಕೆ ಹಾಕಿರುತ್ತಾರೆ." ಎಷ್ಟು ದೂರುಗಳಲ್ಲಿ ಈ ಸಾಲು ಬರೆದು ಬರೆದು ಕೈಗೆ ಅಭ್ಯಾಸವಾಗಿದೆಯೋ.

ಅಕ್ಕ ಓದಿಸಿ ಕೇಳಿದಳು. "ಬೈಲಿಲ್ಲ ಸಾರ್. ಅಕ್ಕಾ ಅಂತಲೇ ಅಂದ್ರು."

"ಮತ್ತೆ ಬೆದರಿಕೆ ಏನು ಹಾಕಿದ್ರು?"

"ಹಾಕ್ಲಿಲ್ಲ. ನಂಗೆ ಹೆದರಿಕೆ ಆಯ್ತು."

ರೈಟರ್ ಪೆನ್ನು ಕೆಳಗಿಟ್ಟರು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಎಷ್ಟು ಸರಿಯಾಗಿ ಹೇಳಿಬಿಟ್ಟಳು! ಬೆದರಿಕೆ ಹಾಕುವಂಥದ್ದು, ಹೆದರಿಕೆ ಆಗುವಂಥದ್ದು. ಹಾಕಿದ್ದು ಯಾರ ಕಣ್ಣಿಗೂ ಬೀಳದೆ, ಆಗಿದ್ದು ಮಾತ್ರ ಉಳಿದರೆ ದೂರಿನಲ್ಲಿ ಏನಂತ ಬರೆಯೋದು?

ನಮ್ಮಲ್ಲಿ ಪದಗಳಿಗೇನೂ ಬರ ಇಲ್ಲ. ಗದರಿಸೋದು, ದಬಾಯಿಸೋದು, ಆವಾಜ್ ಹಾಕೋದು, ಧಮಕಿ. ಎಲ್ಲದರಲ್ಲೂ ಗಂಟಲು ಜೋರು. ಜಬರ್ದಸ್ತಿಯಲ್ಲಿ ಕೈಯೂ ಇದೆ: ಪಾರಸಿಯಲ್ಲಿ ಜಬರ್ ಅಂದರೆ ಮೇಲೆ, ದಸ್ತ್ ಅಂದರೆ ಕೈ. ನಮ್ಮ ಮೇಲುಗೈ ಇದ್ದ ಹಾಗೇ. ಒತ್ತಾಯ ಅನ್ನೋದಂತೂ ಮದುವೆ ಊಟದಲ್ಲೂ ನಡೆಯುತ್ತೆ, ಬೇಡ ಬೇಡ ಅಂದರೂ ಎಲೆಗೆ ಹೋಳಿಗೆ ಬೀಳುತ್ತೆ. ಈ ಹುಡುಗ ಮಾಡಿದ್ದು ಇದ್ಯಾವುದೂ ಅಲ್ಲ. ಸುಮ್ನೆ ಬಂದು ಕೂತ. ಹೊಲದ ಬೆದರುಬೊಂಬೆಯೂ ಅಷ್ಟೇ ಅಲ್ವಾ, ಬಾಯಿ ಬಿಡಲ್ಲ, ಕೈ ಎತ್ತಲ್ಲ, ನಿಂತಿರುತ್ತೆ.

ಇನ್ನು "ನೋಡ್ಕೊಳ್ಳೋದು". ಅಮ್ಮನಿಗೆ ಆಪರೇಷನ್ ಆದಾಗ "ನಾನು ನೋಡ್ಕೋತೀನಿ, ನೀನು ಮಲಗು" ಅಂತ ತಂಗಿ ಅಂದಿದ್ದಳು. ಅವತ್ತು ಆ ಮಾತಿಗೇ ನಿದ್ದೆ ಬಂದಿತ್ತು. ಜಗಳದಲ್ಲಿ "ನಿನ್ನ ನೋಡ್ಕೋತೀನಿ" ಅಂದರೆ ಅದೇ ಮಾತಿಗೆ ನಿದ್ದೆ ಹೋಗುತ್ತೆ. ಹಿಂದಿನ ಮನೆ ಓನರ್ ಕೂಡ ಗೋಡೆ ಮೇಲಿನ ಮೊಳೆ ನೋಡಿ, "ಅಡ್ವಾನ್ಸ್ ನಮ್ಮ ಹತ್ರಾನೇ ಇದೆಯಲ್ಲ, ಬಿಡಿ" ಅಂತಿದ್ದರು. ಎಷ್ಟು ಮೆತ್ತಗೆ! ಮೂರು ವರ್ಷ ಒಂದು ಕ್ಯಾಲೆಂಡರೂ ನೇತುಹಾಕಲಿಲ್ಲ ನಾನು.

ಹೀಗೆ ಹೇಳುವ ನಾನೂ ಅನ್ನ ತಿನ್ನದ ಮಗನಿಗೆ ಗುಮ್ಮ ಬರ್ತಾನೆ ಅಂದವಳೇ. ಪಾಪ, ಗುಮ್ಮನೂ ಒಂದು ದಿನ ಬಂದವನಲ್ಲ.

ಕಾನೂನಿಗೆ ಇದು ಗೊತ್ತಿಲ್ಲ ಅಂತಲ್ಲ. ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ ಇರೋದೇ ಬೆದರಿಕೆಗೆ, ಹಾನಿ ಅನ್ನುವಾಗ ದೇಹ, ಹೆಸರು, ಆಸ್ತಿ ಮೂರನ್ನೂ ಹೇಳುತ್ತೆ. ನಮಗೆ ಬೇಕಾದವರಿಗೆ ಹಾನಿ ಮಾಡ್ತೀವಿ ಅಂತ ದಿಗಿಲು ಹುಟ್ಟಿಸಿದರೂ ಅಪರಾಧವೇ. ಆದರೆ ಅದು ಕೊಡುವ ಉದಾಹರಣೆ 1860ರ ದಂಡ ಸಂಹಿತೆಯಿಂದ ಬಂದದ್ದು: ಸಿವಿಲ್ ದಾವೆ ಬಿಡಿಸೋಕೆ ಮನೆ ಸುಡ್ತೀನಿ ಅನ್ನುವವನು. ಅಷ್ಟು ಬಾಯಿಬಿಟ್ಟು ಹೇಳುವವರು ಸಿಕ್ಕರೆ ರೈಟರ್ ಕೆಲಸ ಸುಲಭ. 2025ರ ಫೆಬ್ರುವರಿಯಲ್ಲಿ ನಮ್ಮ ಸರ್ಕಾರ ಕಿರುಸಾಲದ ಸುಗ್ರೀವಾಜ್ಞೆ ತಂದಾಗ, ಸಾಲಗಾರರ ಬೆನ್ನು ಬೀಳೋದು, ಮನೆ ಹತ್ತಿರ, ಕೆಲಸದ ಜಾಗದಲ್ಲಿ ಸುಳಿದಾಡೋದನ್ನೂ ಬಲವಂತ ಅಂತಲೇ ಸೇರಿಸಿತು. 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಅದನ್ನು ಬರೆದವರು ಯಾರೋ ಇಂಥ ಕಲ್ಲಿನ ಪಕ್ಕ ನಿಂತು ನೋಡಿರಬೇಕು.

ಕೊನೆಗೆ ರೈಟರ್ ಬರೆದಿದ್ದನ್ನು ಹೊಡೆದುಹಾಕಿ, "ಅವನು ಅಂದಿದ್ದನ್ನೇ ಹೇಳಮ್ಮ, ಹಾಗೇ ಬರೀತೀನಿ" ಅಂದರು. ಅಕ್ಕ ಹೇಳಿದಳು. ಅವರು ಬರೆದು ಗಟ್ಟಿಯಾಗಿ ಓದಿದರು. ಹಾಳೆಯ ಮೇಲೆ ಅದು ಹಿರಿಯರ ಬುದ್ಧಿಮಾತಿನ ಹಾಗಿತ್ತು. ಅವರಿಗೂ ಮಗಳಿರಬೇಕು, ಇನ್ನೊಂದು ಸಲ ಓದಿಕೊಂಡು, "ಎಷ್ಟು ಗಂಟೆಗೆ ಬಿಡುತ್ತೆ ಅಂದನಲ್ಲ, ಅದನ್ನೂ ಸೇರಿಸೋಣ" ಅಂದರು.

ಹುಡುಗರು ಆಮೇಲೆ ಬಂದಿಲ್ಲ. ನಿನ್ನೆ ಎರಡು ಮೊಳ ಕೇಳಿದೆ. ಅಕ್ಕ ಅಳೆಯುವಾಗ ಹಿಂದೆ ಯಾವುದೋ ಬೈಕ್ ನಿಂತಿತು. ಹಾಲಿನವನು. ಅವಳು ತಿರುಗಿ ನೋಡಿ, ಹೂವನ್ನು ಮತ್ತೆ ಮೊದಲಿಂದ ಅಳೆದಳು.