ಸಮುದ್ರಕ್ಕೆ ನಲವತ್ತು ನಿಮಿಷ ಸಾಕಾಗಲ್ಲ

"ಆರು ವರ್ಷ ಈ ಊರಾಗ ದುಡದೀನಿ ತಮ್ಮಾ. ಒಮ್ಮಿನೂ ಸಮುದ್ರ ನೋಡಿಲ್ಲ. ಇನ್ನೊಂದೀಟು ಕೂಡ್ತೀನಿ."

ಮುಂಬೈನ ಮರೀನ್ ಡ್ರೈವ್ ಕಟ್ಟೆ ಮೇಲೆ ಕೂತು ಈ ಮಾತು ಹೇಳಿದ್ದು ಜೇವರ್ಗಿ ಕಡೆಯ ಒಬ್ಬ ಅಮ್ಮ. ಅರವತ್ತು ದಾಟಿದ ವಯಸ್ಸು. ನಾನು ಅವರ ಮುಂದೆ ನಿಂತು ಬಸ್ಸಿಗೆ ಕರೆಯುತ್ತಿದ್ದೆ. ನನ್ನ ಹಾಳೆಯಲ್ಲಿ ಮರೀನ್ ಡ್ರೈವ್‌ಗೆ 40 ನಿಮಿಷ ಅಂತ ಬರೆದಿತ್ತು. ಆ 40 ನಿಮಿಷ ಮುಗಿದಿತ್ತು, ಬಸ್ಸಿನಲ್ಲಿ 33 ಜನ ಕಾಯುತ್ತಿದ್ದರು, ಇನ್ನೂ ಎರಡು ಪಾಯಿಂಟ್ ಬಾಕಿ ಇದ್ದವು, ಡ್ರೈವರ್ ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದ.

ನಾನು ಅವರನ್ನು ಎಬ್ಬಿಸಿಕೊಂಡು ಹೋದೆ.

ಅವರು ಜಗಳ ಮಾಡಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದರು. ಬಸ್ಸು ತಿರುಗುವವರೆಗೂ ಕಿಟಕಿಯಿಂದ ಹಿಂದೆ ನೋಡುತ್ತಲೇ ಇದ್ದರು. ಇದಾಗಿ ಏಳು ವರ್ಷ ಆಯಿತು, ಈಗ ನೆನೆದರೂ ನನಗೆ ಸಂಕಟ ಆಗುತ್ತದೆ.

ನಾನು ಕಲಬುರಗಿಯ ಒಂದು ಸಣ್ಣ ಟ್ರಾವೆಲ್ಸ್‌ನಲ್ಲಿ ಟೂರ್ ಮ್ಯಾನೇಜರ್. ಒಂಬತ್ತು ವರ್ಷದಿಂದ ಇದೇ ಕೆಲಸ. ಪಂಢರಪುರ, ತುಳಜಾಪುರ, ತಿರುಪತಿ, ಮುಂಬೈ, ಇವೇ ನಮ್ಮ ಮುಖ್ಯ ಟೂರುಗಳು. ಮುಂಬೈಗೆ ರೈಲು ಸಲೀಸು. ಸಂಜೆ ಕಲಬುರಗಿಯಲ್ಲಿ ಹತ್ತಿದರೆ ಬೆಳಗಿನ ಜಾವ ಸಿಎಸ್‌ಎಂಟಿ ಅಂದರೆ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ಸ್ಟೇಷನ್‌ನಲ್ಲಿ ಇಳಿಯಬಹುದು. ಮೊದಲು ನಾವು ಎರಡು ದಿನಕ್ಕೆ 14 ಪಾಯಿಂಟ್ ಅಂತ ಪಾಂಪ್ಲೆಟ್ ಹಂಚುತ್ತಿದ್ದೆವು. ಜನ ಆ ಸಂಖ್ಯೆ ನೋಡಿಯೇ ದುಡ್ಡು ಕಟ್ಟುತ್ತಾರೆ ಅನ್ನುವುದು ಮಾಲೀಕರ ನಂಬಿಕೆ. ನಾನೂ ನಂಬಿದ್ದೆ. ಟೈಮಿಗೆ ಸರಿಯಾಗಿ 14 ಕಡೆ ಇಳಿಸಿ ಹತ್ತಿಸಿದರೆ ನನ್ನ ಕೆಲಸ ಚೆನ್ನಾಗಿ ಆಯಿತು ಅಂತ ಅಂದುಕೊಂಡಿದ್ದೆ.

ಆ ಅಮ್ಮನ ಮಾತು ನನ್ನನ್ನು ಯಾಕೆ ಅಷ್ಟು ಕಾಡಿತು ಅಂದರೆ, ನಮ್ಮ ಕಡೆಯವರಿಗೆ ಮುಂಬೈ ಹೊಸ ಊರಲ್ಲ. ಜೇವರ್ಗಿ, ಚಿತ್ತಾಪುರ, ಶಹಾಪುರ, ಸುರಪುರದ ಹಳ್ಳಿಗಳಿಂದ, ತಾಂಡಾಗಳಿಂದ ಎಷ್ಟೋ ಜನ ಗುಳೆ ಹೋಗಿದ್ದಾರೆ, ಈಗಲೂ ಹೋಗುತ್ತಾರೆ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಮಕ್ಕಳನ್ನು ಕಟ್ಟಿಕೊಂಡು ಹೊರಡುತ್ತಾರೆ. ಅವರಿಗೆ ಗೊತ್ತಿರುವ ಮುಂಬೈ ಅಂದರೆ ಕಟ್ಟಡದ ಸೈಟು, ತಗಡಿನ ಶೆಡ್ಡು, ವಾರದ ಸಂತೆ, ಹತ್ತಿರದ ಒಂದು ಸ್ಟೇಷನ್. ಮೂರು ಕಡೆ ನೀರಿರುವ ಊರಲ್ಲಿ ಆರು ವರ್ಷ ಇಟ್ಟಿಗೆ ಹೊತ್ತು, ಆ ನೀರನ್ನೇ ನೋಡದೆ ವಾಪಸ್ ಬಂದವರು ಅವರು. ಅಂಥವರು ವಯಸ್ಸಾದ ಮೇಲೆ ಮಗ ಕೊಟ್ಟ ದುಡ್ಡಿನಲ್ಲಿ ಟೂರಿಗೆ ಬಂದಿದ್ದರು. ನಾನು ಅವರಿಗೆ 40 ನಿಮಿಷ ಕೊಟ್ಟೆ.

ಬುಕಿಂಗ್ ಮಾಡುವಾಗ ನಾನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಮೊದಲು ಮುಂಬೈಗೆ ಹೋಗಿದ್ದೀರಾ, ಯಾವುದಕ್ಕೆ ಹೋಗಿದ್ದಿರಿ? ಕೇಳಿರಲಿಲ್ಲ. ಹೆಸರು, ವಯಸ್ಸು, ಆಧಾರ್ ನಂಬರ್, ಇಷ್ಟೇ ಬರೆದುಕೊಂಡಿದ್ದೆ.

ಅದರ ಮುಂದಿನ ಟೂರಿನಲ್ಲಿ ಇನ್ನೊಂದು ಪೆಟ್ಟು ಬಿತ್ತು. ಈ ಸಲ ಸಮುದ್ರದಿಂದಲೇ. ಹಾಜಿ ಅಲಿ ದರ್ಗಾಕ್ಕೆ ಮಧ್ಯಾಹ್ನ 12ಕ್ಕೆ ಅಂತ ಟೈಮ್ ಹಾಕಿದ್ದೆ. ನಮ್ಮ ಬಸ್ಸಿನಲ್ಲಿ ಯಾವಾಗಲೂ ಎಲ್ಲರೂ ಇರುತ್ತಾರೆ, ಕಲಬುರಗಿಯ ಬಂದೇ ನವಾಜ್ ದರ್ಗಾಕ್ಕೂ ಹೋಗುವವರು, ಶರಣಬಸವೇಶ್ವರರ ಗುಡಿಗೂ ಹೋಗುವವರು, ಹಾಗಾಗಿ ಹಾಜಿ ಅಲಿ ಅಂದರೆ ಯಾರೂ ಬಸ್ಸಿನಲ್ಲಿ ಕೂತಿರುವುದಿಲ್ಲ. ಹೋಗಿ ನೋಡಿದರೆ ದಾರಿಯೇ ಇಲ್ಲ. ದರ್ಗಾ ಸಮುದ್ರದ ನಡುವೆ ಇದೆ, ದಡದಿಂದ ಅಲ್ಲಿಗೆ ಒಂದು ಕಾಲುದಾರಿ ಇದೆ, ಉಬ್ಬರದ ಹೊತ್ತಿಗೆ ಅದರ ಮೇಲೆ ನೀರು ಬರುತ್ತದೆ. ನನಗೆ ಇದು ಗೊತ್ತೇ ಇರಲಿಲ್ಲ. ಹಿಂದಿನ ಸಲಗಳೆಲ್ಲ ಸುಮ್ನೆ ಅದೃಷ್ಟದಿಂದ ನೀರು ಇಳಿದಾಗ ಹೋಗಿದ್ದೆ. ಹರಕೆ ಹೊತ್ತು ಬಂದವರು ಬಿಸಿಲಲ್ಲಿ ಎರಡೂವರೆ ತಾಸು ಕಾದರು.

ಪಕ್ಕದ ಹೂವಿನಂಗಡಿಯವನು "ಭರತಿ ಹೈ, ಓಹೋಟಿ ಕೆ ಬಾದ್ ಜಾನಾ" ಅಂದ. ಮರಾಠಿಯಲ್ಲಿ ಭರತಿ ಅಂದರೆ ಉಬ್ಬರ, ಓಹೋಟಿ ಅಂದರೆ ಇಳಿತ. ನಾನು ಅದನ್ನು ನಮ್ಮವರಿಗೆ ಹೇಳುತ್ತಿದ್ದಾಗ ಆಳಂದ ಕಡೆಯ ಒಬ್ಬ ರೈತರು ಕೇಳಿದರು, "ಇವತ್ತು ಅಮಾಸಿ ಅಲ್ಲೇನ್ರಿ?" ಹೌದು, ಅವತ್ತು ಅಮಾವಾಸ್ಯೆ. ಹೂವಿನಂಗಡಿಯವನು ಅವರ ಮುಖ ನೋಡಿ ತಲೆ ಆಡಿಸಿದ. ಅವನಿಗೆ ಕನ್ನಡ ಬರುವುದಿಲ್ಲ, ಆದರೆ ಅಮಾವಾಸ್ಯೆ ಅನ್ನುವುದು ಅವನಿಗೂ ಅರ್ಥವಾಯಿತು.

ಅವತ್ತಿನಿಂದ ನಾನು ಸಮುದ್ರದ ಲೆಕ್ಕ ಕಲಿತೆ. ಇದು ಕಷ್ಟದ್ದಲ್ಲ, ಪಂಚಾಂಗ ನೋಡುವ ಮನೆಯಲ್ಲಿ ಬೆಳೆದವರಿಗೆ ಇನ್ನೂ ಸುಲಭ. ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಪೂರ್ತಿ ಏರಿದ್ದು ಪೂರ್ತಿ ಇಳಿಯಲು ಆರು ತಾಸಿಗಿಂತ ಸ್ವಲ್ಪ ಜಾಸ್ತಿ ಬೇಕು. ಮರುದಿನ ಇದೆಲ್ಲ ಸುಮಾರು 50 ನಿಮಿಷ ತಡವಾಗುತ್ತದೆ, ಯಾಕಂದರೆ ಚಂದ್ರ ಹುಟ್ಟುವುದೂ ದಿನದಿನಕ್ಕೆ ಹೆಚ್ಚುಕಡಿಮೆ ಅಷ್ಟೇ ತಡ. ಅಮಾವಾಸ್ಯೆ, ಹುಣ್ಣಿಮೆಗೆ ಸೂರ್ಯ ಚಂದ್ರ ಒಂದೇ ಗೆರೆಯಲ್ಲಿ ನಿಂತು ಎಳೆಯುವುದರಿಂದ ಏರಿಳಿತ ದೊಡ್ಡದು. ಮುಂಬೈನಲ್ಲಿ ಆಗ ಏರಿದ ನೀರಿಗೂ ಇಳಿದ ನೀರಿಗೂ ಕೆಲವು ಸಲ ನಾಲ್ಕು ಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇರುತ್ತದೆ, ಅಂದರೆ ಒಂದು ಮಹಡಿಗಿಂತ ಎತ್ತರ. ಅಷ್ಟಮಿಯ ಆಸುಪಾಸಿನಲ್ಲಿ ಸಣ್ಣದು.

ಇನ್ನೂ ಒಂದು ಗುಟ್ಟು ಇದೆ. ಮುಂಬೈನಲ್ಲಿ ಅಮಾವಾಸ್ಯೆ, ಹುಣ್ಣಿಮೆಗೆ ನೀರು ತುಂಬುವುದು ಮಧ್ಯಾಹ್ನ 12ರ ಆಸುಪಾಸಿಗೆ ಮತ್ತು ನಡುರಾತ್ರಿಗೆ. ಅಷ್ಟಮಿಗೆ ಬೆಳಗ್ಗೆ ಮತ್ತು ಸಂಜೆ 6ರ ಆಸುಪಾಸಿಗೆ. ಗೋಡೆ ಮೇಲಿನ ಕ್ಯಾಲೆಂಡರ್ ನೋಡಿದರೆ ಕಲಬುರಗಿಯಲ್ಲಿ ಕೂತೇ ಅಂದಾಜು ಸಿಗುತ್ತದೆ. ಹೊರಡುವ ಹಿಂದಿನ ದಿನ ಫೋನಿನಲ್ಲಿ ಉಬ್ಬರದ ಟೈಮಿನ ಪಟ್ಟಿ ತೆಗೆದು ಸರಿಯಾದ ನಿಮಿಷ ನೋಡಿಕೊಳ್ಳುತ್ತೇನೆ. ಎಳ್ಳಮವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವ ನಮ್ಮ ಜನಕ್ಕೆ ಬಸ್ಸಿನಲ್ಲಿ ಇದನ್ನು ಹೇಳಿದರೆ ಎಷ್ಟು ಬೇಗ ಹಿಡಿಯುತ್ತಾರೆ ಗೊತ್ತಾ? ಓದಿದ ಹುಡುಗರಿಗಿಂತ ಬೇಗ.

ಇದು ಬರೀ ಟೈಮ್ ಉಳಿಸುವ ಮಾತಲ್ಲ. ಜುಹೂನಲ್ಲಿ ನೀರು ಇಳಿದಾಗ ಮರಳು ಬಹಳ ದೂರ ಬಯಲಾಗುತ್ತದೆ. ಭೀಮಾ ನದಿಯ ದಂಡೆ ಕಂಡವರಿಗೆ ಬೇಸಿಗೆಯಲ್ಲಿ ಬತ್ತಿದ ಹೊಳೆಯಂತೆ ಕಾಣುತ್ತದೆ, ನಡೆಯುತ್ತಾ ಹೋಗುತ್ತಾರೆ. ಆದರೆ ಸಮುದ್ರದ ನೀರು ಮತ್ತೆ ಏರುವಾಗ ಹೊಳೆ ಹಾಗೆ ಒಂದೇ ಕಡೆಯಿಂದ ಬರುವುದಿಲ್ಲ, ತಗ್ಗುಗಳನ್ನು ತುಂಬಿಕೊಂಡು ಹಿಂದಿನಿಂದಲೂ ಸುತ್ತುವರಿಯುತ್ತದೆ. ಮೊಣಕಾಲು ಮುಳುಗುವಷ್ಟಕ್ಕಿಂತ ಮುಂದೆ ನಾನು ಯಾರನ್ನೂ ಬಿಡುವುದಿಲ್ಲ, ಸಿಟ್ಟಾದರೂ ಪರವಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈ ಟೂರನ್ನೇ ಹಾಕುವುದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ನಮ್ಮ ಜಿಲ್ಲೆಗೆ ಸಾಧಾರಣವಾಗಿ ಇಡೀ ವರ್ಷಕ್ಕೆ ಬೀಳುವುದು ಅದಕ್ಕಿಂತ ಕಡಿಮೆ. ಉಬ್ಬರ ಇದ್ದಾಗ ಜೋರು ಮಳೆ ಬಂದರೆ ಚರಂಡಿ ನೀರು ಸಮುದ್ರಕ್ಕೆ ಇಳಿಯುವುದಿಲ್ಲ, ರಸ್ತೆಯಲ್ಲೇ ನಿಲ್ಲುತ್ತದೆ.

ಸೆಕೆ ಬಗ್ಗೆಯೂ ಹೇಳಬೇಕು. ನಾವು 42 ಡಿಗ್ರಿ ಬಿಸಿಲು ತಿಂದವರು, ಮುಂಬೈನ 33 ಏನು ಮಾಡುತ್ತದೆ ಅಂತ ಅಂದುಕೊಳ್ಳುತ್ತೇವೆ. ನಮ್ಮದು ಒಣ ಬಿಸಿಲು, ಬೆವರು ಅಲ್ಲೇ ಆರಿ ಮೈ ತಣ್ಣಗಾಗುತ್ತದೆ. ಅಲ್ಲಿ ಗಾಳಿಯಲ್ಲೇ ನೀರು ತುಂಬಿರುವುದರಿಂದ ಬೆವರು ಆರುವುದೇ ಇಲ್ಲ. ಗೇಟ್‌ವೇ ಆಫ್ ಇಂಡಿಯಾ ಮುಂದೆ ಇಬ್ಬರು ತಲೆ ಸುತ್ತಿ ಕೂತುಬಿಟ್ಟಿದ್ದರು, ಇಬ್ಬರೂ ಹೊಲದಲ್ಲಿ ದುಡಿದ ಗಟ್ಟಿ ಜನ. ಈಗ ಬಸ್ಸಿನಲ್ಲಿ ಉಪ್ಪು ಹಾಕಿದ ಮಜ್ಜಿಗೆ, ನಿಂಬೆ ಶರಬತ್ತು ಇಟ್ಟಿರುತ್ತೇನೆ. 11ರಿಂದ 4ರವರೆಗೆ ಬಯಲಲ್ಲಿ ತಿರುಗಿಸುವುದಿಲ್ಲ. ಆ ಹೊತ್ತಿಗೆ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದ ನೆರಳು, ಇಲ್ಲವೇ ಮಾಟುಂಗಾದ ಉಡುಪಿ ಹೋಟೆಲಿನ ಊಟ. ಮಾಟುಂಗಾದಲ್ಲಿ ಪಕ್ಕದ ಮೇಜಿನಿಂದ ಕನ್ನಡ ಕಿವಿಗೆ ಬಿದ್ದರೆ ನಮ್ಮ ಅಜ್ಜಿಯರ ಮುಖವೇ ಬದಲಾಗುತ್ತದೆ. ರೊಟ್ಟಿ, ಶೇಂಗಾ ಹಿಂಡಿ ಹೇಗೂ ಅವರ ಗಂಟಿನಲ್ಲೇ ಇರುತ್ತದೆ.

ಲೋಕಲ್ ರೈಲು. ಇದನ್ನು ತೋರಿಸದೆ ಮುಂಬೈ ತೋರಿಸಿದೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿ ಬಂದರ್‌ನಿಂದ ಠಾಣೆಗೆ, 34 ಕಿಲೋಮೀಟರ್, ಇದೇ ದಾರಿಯಲ್ಲಿ ಓಡಿದ್ದು. ಆದರೆ ಬೆಳಗ್ಗೆ ಊರೆಲ್ಲ ದಕ್ಷಿಣಕ್ಕೆ, ಚರ್ಚ್‌ಗೇಟ್ ಮತ್ತು ಸಿಎಸ್‌ಎಂಟಿ ಕಡೆಗೆ ನುಗ್ಗುತ್ತದೆ, ಸಂಜೆ ವಾಪಸ್ ಉತ್ತರಕ್ಕೆ. ನಾವು ಯಾವಾಗಲೂ ಅದರ ಎದುರು ದಿಕ್ಕಿಗೆ ಹೋಗಬೇಕು, ಸೀಟು ಸಿಗುತ್ತದೆ. ಸ್ಟೇಷನ್‌ನಲ್ಲಿ ರೈಲು ಅರ್ಧ ನಿಮಿಷವೂ ನಿಲ್ಲುವುದಿಲ್ಲ. ಒಮ್ಮೆ ದಾದರ್‌ನಲ್ಲಿ ಗಂಡ ಹತ್ತಿ ಹೆಂಡತಿ ಕೆಳಗೇ ಉಳಿದರು. ಆಕೆಗೆ ಓದಲು ಬರುತ್ತಿರಲಿಲ್ಲ, ಫೋನ್ ಗಂಡನ ಕಿಸೆಯಲ್ಲಿತ್ತು. ಆಕೆ ಅಳುತ್ತಾ ನಿಂತಿದ್ದ ಆ 20 ನಿಮಿಷ ನನಗೆ ಕೈಕಾಲು ಆಡಲಿಲ್ಲ. ಈಗ ರೈಲು ಹತ್ತುವ ಮೊದಲೇ ಎಲ್ಲರಿಗೂ ಹೇಳುತ್ತೇನೆ: ಉಳಿದವರು ನಿಂತಲ್ಲೇ ನಿಲ್ಲಿ, ಹತ್ತಿದವರು ಮುಂದಿನ ಸ್ಟೇಷನ್‌ನಲ್ಲಿ ಇಳಿದು ನಿಲ್ಲಿ, ಯಾರೂ ಯಾರನ್ನೂ ಹುಡುಕಲು ಹೋಗಬೇಡಿ, ನಾನೇ ಬರುತ್ತೇನೆ. ಪ್ರತಿಯೊಬ್ಬರ ಕೊರಳಲ್ಲಿ ನನ್ನ ನಂಬರಿನ ಚೀಟಿ. ಭಾನುವಾರ ಹಳಿ ರಿಪೇರಿಗೆ ಮೆಗಾ ಬ್ಲಾಕ್ ಇರುತ್ತದೆ, ಅವತ್ತು ಲೋಕಲ್ ಬೇಡ. ಇನ್ನೊಂದು, ದಕ್ಷಿಣ ಮುಂಬೈಗೆ ಆಟೋ ಬಿಡುವುದಿಲ್ಲ, ಅಲ್ಲಿ ಕಪ್ಪು ಹಳದಿ ಟ್ಯಾಕ್ಸಿ ಅಥವಾ ಬೆಸ್ಟ್ ಅನ್ನುವ ಸಿಟಿ ಬಸ್ಸೇ.

ಎಲಿಫೆಂಟಾ ದ್ವೀಪಕ್ಕೆ ಗೇಟ್‌ವೇಯಿಂದ ಲಾಂಚಿನಲ್ಲಿ ಸುಮಾರು ಒಂದು ತಾಸು. ಸೋಮವಾರ ಗುಹೆಗಳಿಗೆ ರಜೆ, ಇದನ್ನೂ ನಾನು ಸೋಮವಾರ ಹೋಗಿಯೇ ಕಲಿತದ್ದು. 2024ರ ಡಿಸೆಂಬರ್ 18ರಂದು ಇದೇ ದಾರಿಯಲ್ಲಿ ನೌಕಾಪಡೆಯ ಸ್ಪೀಡ್ ಬೋಟ್ ಡಿಕ್ಕಿ ಹೊಡೆದು ಪ್ರಯಾಣಿಕರ ದೋಣಿ ಮುಳುಗಿತು, ಹಲವರು ಜೀವ ಕಳೆದುಕೊಂಡರು. ಲೈಫ್ ಜಾಕೆಟ್ ಕಟ್ಟಿಕೊಳ್ಳದವರನ್ನು ನಾನು ಲಾಂಚ್ ಹತ್ತಿಸುವುದೇ ಇಲ್ಲ, ಸೀರೆ ಮೇಲೆ ಹೇಗೆ ಅಂತ ನಾಚಿಕೊಳ್ಳುವ ಅಮ್ಮಂದಿರಿಗೆ ಟೂರಿನ ಹೆಣ್ಣುಮಕ್ಕಳೇ ಕಟ್ಟಿಕೊಡುತ್ತಾರೆ. ಅಲ್ಲಿ ಮೂರು ಮುಖದ ಶಿವನ ಮುಂದೆ ನಿಂತಾಗ ಒಂದು ಮಾತು ಹೇಳುತ್ತೇನೆ. ಸುಮಾರು 20 ಅಡಿ ಎತ್ತರದ ಆ ಮೂರ್ತಿ ಕೊರೆದದ್ದು ದಖ್ಖನ್ನಿನ ಕಪ್ಪು ಬಂಡೆಯಲ್ಲಿ. ಅದೇ ಬಂಡೆ ಸವೆದು ಸವೆದು ಆದದ್ದು ನಮ್ಮ ಎರೆಮಣ್ಣು, ತೊಗರಿ ಬೆಳೆಯುವ ನಮ್ಮ ಹೊಲ. ಇದನ್ನು ಕೇಳಿದವರು ಗೋಡೆಯನ್ನು ಮುಟ್ಟಿ ನೋಡುತ್ತಾರೆ.

ಇಷ್ಟೆಲ್ಲ ಆದಮೇಲೆ 14 ಪಾಯಿಂಟ್ ಉಳಿಯಲು ಸಾಧ್ಯವಿರಲಿಲ್ಲ. ಮಾಲೀಕರ ಜೊತೆ ನನಗೆ ಎರಡು ಸೀಸನ್ ವಾದ ನಡೆಯಿತು. ಪಾಯಿಂಟ್ ಕಡಿಮೆ ಮಾಡಿದರೆ ಗಿರಾಕಿ ಬೇರೆ ಕಡೆ ಹೋಗುತ್ತಾರೆ ಅಂತ ಅವರು. ಅವರ ಹೆದರಿಕೆ ಸುಳ್ಳಲ್ಲ, ಮೊದಲ ವರ್ಷ ಬುಕಿಂಗ್ ನಿಜವಾಗಿಯೂ ಇಳಿಯಿತು, ಒಂದು ಟೂರು ರದ್ದಾಯಿತು. ನನ್ನ ಕಮಿಷನ್ನೂ ಹೋಯಿತು. ಆದರೂ ಪಾಂಪ್ಲೆಟ್‌ನಲ್ಲಿ 6 ಜಾಗ ಬರೆಸಿ, ಕೆಳಗೆ "ಸಂಜೆ 4ರಿಂದ 8 ಸಮುದ್ರದ ದಂಡೆ, ಬೇರೆ ಏನೂ ಇಲ್ಲ" ಅಂತ ಹಾಕಿಸಿದೆ. ಮಾಲೀಕರು ಆ ಸಾಲನ್ನು ಎರಡು ಸಲ ಹೊಡೆದು ಹಾಕಿದರು, ಮೂರನೇ ಸಲ ಬಿಟ್ಟರು. ನಿಧಾನಕ್ಕೆ ಬುಕಿಂಗ್ ಬಂತು. ಜಾಸ್ತಿ ಬಂದದ್ದು ವಯಸ್ಸಾದವರು, ಮೊದಲು ಹೋಗಿ ಬಂದವರು ಹೇಳಿ ಕಳಿಸಿದವರು.

ಈಗ ಬೆಳಗಿನ ಜಾವ ಸಿಎಸ್‌ಎಂಟಿಯಲ್ಲಿ ಇಳಿದ ಕೂಡಲೇ ಹೊರಗೆ ನಿಂತು ಆ ಕಟ್ಟಡ ನೋಡಿಸುತ್ತೇನೆ. 1878ರಲ್ಲಿ ಶುರುವಾಗಿ ಕಟ್ಟಲು ಹತ್ತು ವರ್ಷ ಹಿಡಿದ ಸ್ಟೇಷನ್, 2004ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಕಟ್ಟಡದ ಕೆಲಸ ಮಾಡಿದವರು ಅಲ್ಲಿ ಬೇರೆಯವರಿಗಿಂತ ಜಾಸ್ತಿ ಹೊತ್ತು ನಿಲ್ಲುತ್ತಾರೆ. ಕಲ್ಲು ಹೇಗೆ ಕೂರಿಸಿದ್ದಾರೆ, ಇಷ್ಟು ಎತ್ತರಕ್ಕೆ ಹೇಗೆ ಏರಿಸಿದರು ಅಂತ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ. ಅವರು ಹೇಳುವುದನ್ನು ಕೇಳುತ್ತಾ ನಾನು ಸುಮ್ಮನೆ ಪಕ್ಕದಲ್ಲಿರುತ್ತೇನೆ. ಅಲ್ಲಿಂದ ಗೇಟ್‌ವೇಗೆ, ಬಿಸಿಲೇರುವ ಮೊದಲು. 1911ರಲ್ಲಿ ಇಂಗ್ಲೆಂಡಿನ ರಾಜ ಬಂದ ನೆನಪಿಗೆ ಕಟ್ಟಿದ ಬಾಗಿಲು ಅದು, ಕೆಲಸ ಮುಗಿದದ್ದು 1924ರಲ್ಲಿ. 1948ರ ಫೆಬ್ರವರಿ 28ರಂದು ಬ್ರಿಟಿಷರ ಕೊನೆಯ ಸೈನಿಕರ ತಂಡ ಅದೇ ಬಾಗಿಲಿನಿಂದ ಹೊರಟುಹೋಯಿತು. ನಮ್ಮ ಹೈದರಾಬಾದ್ ಕರ್ನಾಟಕ ಆಗ ಇನ್ನೂ ನಿಜಾಮನ ಕೈಯಲ್ಲೇ ಇತ್ತು ಅಂತ ಒಬ್ಬ ನಿವೃತ್ತ ಮೇಷ್ಟ್ರು ಟೂರಿನಲ್ಲಿ ನೆನಪಿಸಿದ್ದರು. ಅವತ್ತಿನಿಂದ ಅದನ್ನೂ ಸೇರಿಸಿ ಹೇಳುತ್ತೇನೆ.

ಜೇವರ್ಗಿಯ ಆ ಅಮ್ಮನಿಗೆ ಮೂರು ವರ್ಷದ ಹಿಂದೆ ಫೋನ್ ಮಾಡಿದ್ದೆ. ದುಡ್ಡು ಬೇಡ, ಬನ್ನಿ, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೂತಿರಿ ಅಂದೆ. ಮಂಡಿ ನೋವು, ಈಗ ರೈಲು ಹತ್ತಲು ಆಗುವುದಿಲ್ಲ ಅಂದರು. ನನ್ನ ಮೇಲೆ ಅವರಿಗೆ ಬೇಜಾರೇನೂ ಇರಲಿಲ್ಲ. ಮಕ್ಕಳು ಎಷ್ಟು, ಏನು ಓದುತ್ತಾರೆ ಅಂತ ವಿಚಾರಿಸಿದರು.

ಬುಕಿಂಗ್ ಫಾರಂನಲ್ಲಿ ಈಗ ಆ ಪ್ರಶ್ನೆ ಇದೆ. ಮೊದಲು ಮುಂಬೈಗೆ ಹೋಗಿದ್ದೀರಾ, ಯಾವುದಕ್ಕೆ? ಹೋದ ವಾರ ಚಿತ್ತಾಪುರದ ಒಬ್ಬರು ಹೆಂಡತಿ ಜೊತೆ ಬಂದು ಬರೆಸಿಹೋದರು: "1994ರಿಂದ ಐದು ವರ್ಷ, ಸೆಂಟ್ರಿಂಗ್ ಕೆಲಸ. ಸಮುದ್ರ ನೋಡಿಲ್ಲ." ಅವರಿಗೆ ಜನವರಿ ಟೂರಿನಲ್ಲಿ ಎರಡು ಸೀಟು ಹಾಕಿದ್ದೇನೆ. ನಾವು ಅಲ್ಲಿರುವ ಮೊದಲ ದಿನ ಅಷ್ಟಮಿ. ಸಂಜೆ 6ರ ಹೊತ್ತಿಗೆ, ಸೂರ್ಯ ಮುಳುಗುವಾಗ, ಮರೀನ್ ಡ್ರೈವ್‌ನಲ್ಲಿ ನೀರು ತುಂಬಿರುತ್ತದೆ.