ಬೇಕಲದ ಕೋಟೆ ಚೆಂದವೇ?

ಎರಡನೇ ಬಿಎಯಲ್ಲಿ ಮಾಷ್ಟ್ರು ನಮ್ಮನ್ನು ಕಾಸರಗೋಡಿನ ಬೇಕಲಕ್ಕೆ ಕರೆದುಕೊಂಡು ಹೋದರು. ಪ್ರವಾಸ ಅಂತಲೇ ನಾವು ತಿಳಿದಿದ್ದೆವು. ಬುರುಜು ಹತ್ತಿ ನಿಂತದ್ದೇ ತಡ, ಅವರು ಕೇಳಿದರು: "ಈ ಕೋಟೆ ಚೆಂದ ಉಂಟಾ?"

ಶಿವಪ್ಪ ನಾಯಕ ಕಟ್ಟಿಸಿದ್ದು ಸರ್, ಎಂದ ಒಬ್ಬ. ಈ ಮುರಕಲ್ಲು ಹೊತ್ತವರ ಬೆನ್ನು ಏನಾಗಿರಬೇಕು, ಎಂದಳು ಇನ್ನೊಬ್ಬಳು. ನಾನು, ಕೆಳಗಿನ ಹೋಟೆಲಿನಲ್ಲಿ ಬಂಗುಡೆ ಫ್ರೈ ಚೆನ್ನಾಗಿರ್ತದಂತೆ, ಎಂದೆ. ಮಾಷ್ಟ್ರು ನಕ್ಕರು. ಮೂವರೂ ಬೇರೆ ಯಾವುದೋ ಪ್ರಶ್ನೆಗೆ ಉತ್ತರ ಕೊಟ್ಟಿದ್ದೀರಿ, ಎಂದರು.

ಮರುದಿನ ಕ್ಲಾಸಿನಲ್ಲಿ ಗುಟ್ಟು ಹೊರಬಂತು. 1790ರ ತನ್ನ ಪುಸ್ತಕದಲ್ಲಿ ಜರ್ಮನ್ ತತ್ವಜ್ಞಾನಿ ಕಾಂಟ್ ಒಂದು ಅರಮನೆಯ ಬಗ್ಗೆ ಇದೇ ಪ್ರಶ್ನೆ ಕೇಳುತ್ತಾನೆ. ಚಿಂತಕ ರೂಸೋನ ಹಾಗೆ, ಬಡವರ ಬೆವರು ಸುರಿಸಿ ಮೆರೆಯುವ ದೊಡ್ಡವರನ್ನು ಬಯ್ಯಬಹುದು. ಪ್ಯಾರಿಸ್ಸಿನಲ್ಲಿ ಅಡುಗೆಯಂಗಡಿಗಳಷ್ಟು ಹಿಡಿಸಿದ್ದು ಬೇರೇನೂ ಇಲ್ಲ ಎಂದ, ಉತ್ತರ ಅಮೆರಿಕದ ಮೂಲನಿವಾಸಿ ಇರೊಕ್ವಾ ಜನರ ಮುಖಂಡನ ಹಾಗೆಯೂ ಹೇಳಬಹುದು. (ಬಂಗುಡೆಯ ನನಗೆ ಆ ಮುಖಂಡನ ಮೇಲೆ ಈಗಲೂ ಪ್ರೀತಿ.) ಎಲ್ಲ ಸರಿಯೇ. ಆದರೆ ಚೆಂದವೇ ಎಂದು ಕೇಳಿದಾಗ, ಲಾಭ, ಹಸಿವು, ಬೇಕು ಬೇಡಗಳನ್ನೆಲ್ಲ ಪಕ್ಕಕ್ಕಿಟ್ಟು ಸುಮ್ನೆ ನೋಡಬೇಕು ಅನ್ನುವುದು ಕಾಂಟನ ವಾದ. ನಮ್ಮ ಪುಸ್ತಕದಲ್ಲಿ ಅದಕ್ಕೆ 'ನಿರಾಸಕ್ತಿ' ಎಂದು ಅಚ್ಚಾಗಿತ್ತು. ಮಧ್ಯಾಹ್ನದ ಕ್ಲಾಸಿನಲ್ಲಿ ನಮ್ಮ ಬಳಿ ಅದು ಬೇಕಾದಷ್ಟಿತ್ತು, ಅಲ್ವಾ!

ಕೃತಿಯನ್ನು ಕೃತಿಯಾಗಿಯೇ ಓದು, ಕವಿಯ ಜಾತಕ ಬಿಡು ಎನ್ನುವ ವಿಮರ್ಶೆಯ ಒಂದು ಬೇರು ಅಲ್ಲಿದೆ ಎಂದು ಮಾಷ್ಟ್ರು ಹೇಳಿದರು. ಕೇಂಬ್ರಿಜ್‌ನಲ್ಲಿ ವಿಮರ್ಶಕ ಐ.ಎ. ರಿಚರ್ಡ್ಸ್ ಕವಿಯ ಹೆಸರು ತೆಗೆದು ಪದ್ಯ ಹಂಚಿದ, ವಿದ್ಯಾರ್ಥಿಗಳು ಬರೆದದ್ದನ್ನೆಲ್ಲ 1929ರಲ್ಲಿ ಪುಸ್ತಕ ಮಾಡಿದ. ಜಾನ್ ಡನ್‌ನಂಥ ಕವಿಯೂ ಅಲ್ಲಿ ಬೈಗುಳ ತಿಂದಿದ್ದ. ನಮ್ಮ ನವ್ಯ ವಿಮರ್ಶಕರ ಕೃತಿನಿಷ್ಠ ಓದಿಗೂ ಆ ಗಾಳಿ ತಾಗಿತ್ತು.

ನಾವೂ ಮಾಡಿ ನೋಡುವ ಎಂದು ಮಾಷ್ಟ್ರು ಒಂದು ಸೈಕ್ಲೋಸ್ಟೈಲ್ ಹಾಳೆ ಹಂಚಿದರು. ಹೆಸರಿಲ್ಲ. ಆದರೆ ಮೊದಲ ಸಾಲಿಗೇ ಪ್ರಯೋಗ ಕೆಟ್ಟಿತು. ಅದು ಕಯ್ಯಾರ ಕಿಞ್ಞಣ್ಣ ರೈಗಳ 'ಬೆಂಕಿ ಬಿದ್ದಿದೆ ಮನೆಗೆ', ಕಾಸರಗೋಡು ಕನ್ನಡನಾಡಿನ ಕೈತಪ್ಪಿದ ಸಂಕಟದ ಪದ್ಯ. ಕಾಸರಗೋಡಿನ ಕನ್ನಡದ ಮಕ್ಕಳಿಗೆ ಅದರ ಕವಿ ಯಾರು ಅಂತ ಹೇಳಿಕೊಡಬೇಕಾ? ನನ್ನ ಪಕ್ಕದವಳು ಓದುತ್ತಾ ಓದುತ್ತಾ ನಿಲ್ಲಿಸಿಬಿಟ್ಟಳು. ಅವಳ ಅಜ್ಜ 1956ರ ನವೆಂಬರ್ 1ರಂದು, ಕಾಸರಗೋಡು ಕೇರಳಕ್ಕೆ ಸೇರಿದ ದಿನ, ಊಟ ಮಾಡಿರಲಿಲ್ಲವಂತೆ.

ಕಾಞಂಗಾಡಿನ ಕಡೆಯಿಂದ ಬರುತ್ತಿದ್ದ ಗೆಳೆಯನೊಬ್ಬನಿದ್ದ. ಮನೆಮಾತು ಮಲಯಾಳ, ಕನ್ನಡ ಆಮೇಲೆ ಕಲಿತದ್ದು. ಅವನು ಎದ್ದು, "ಇದು ಪದ್ಯ ಅಲ್ಲ ಸರ್, ಕೂಗು" ಎಂದ. ಮತ್ತೆ ಕೇಳಬೇಕೇ? ಅರ್ಧ ಗಂಟೆ ಜಗಳ. ನಾನು ಸಹ ಅವನಿಗೆ ಜಾಸ್ತಿಯೇ ಬೈದೆ.

ತೀರ್ಪು ಕೊಡುತ್ತಾರೆ ಎಂದು ಮಾಷ್ಟ್ರ ಮುಖ ನೋಡಿದೆವು. ಅವರು ಬೋರ್ಡಿನ ಮೇಲೆ 1790ರ ಪಕ್ಕದಲ್ಲಿ 1960 ಎಂದು ಬರೆದರು. ಜರ್ಮನ್ ತತ್ವಜ್ಞಾನಿ ಗಾಡಮರ್‌ನ ಪುಸ್ತಕ ಬಂದ ವರ್ಷ. ನಾವು ಹುಟ್ಟಿದ ಮನೆ, ಭಾಷೆ, ಮೊದಲೇ ತುಂಬಿಕೊಂಡ ಅಭಿಪ್ರಾಯ, ಇವನ್ನು ಕಳಚಿಟ್ಟು ಓದಲು ಯಾರಿಗೂ ಆಗುವುದಿಲ್ಲ, ಅವುಗಳ ಮೂಲಕವೇ ಅರ್ಥ ಶುರುವಾಗುತ್ತದೆ ಎನ್ನುತ್ತಾನೆ ಅವನು. ಹಾಗಾದರೆ ನಾವೇ ಗೆದ್ದೆವು ಎಂದು ಹಿಗ್ಗಿದೆವು. "ಅವನ ಕಿವಿಗೂ ಒಂದು ಮನೆ ಉಂಟಲ್ಲ?" ಎಂದರು ಮಾಷ್ಟ್ರು, ಆ ಗೆಳೆಯನನ್ನು ತೋರಿಸಿ. ಬೆಲ್ ಹೊಡೆಯಿತು.

ಆ ಗೆಳೆಯ ಮೊನ್ನೆ ಫೋನ್ ಮಾಡಿದ್ದ. ಈ ಲೇಖನದ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಈಗಲೂ ಕೂಗೇ ಮಾರಾಯ. ಆದರೆ ಪೂರಾ ಬಾಯಿಪಾಠ ಬರ್ತದೆ" ಎಂದ.