ಹೊಸ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದ ಮೇಲೆ: ವೈಫೈ, ಸೌಂಡ್, ಬ್ಯಾಟರಿ, ಕನ್ನಡ

ದಾವಣಗೆರೆಯಲ್ಲಿ ಬಿಐಇಟಿ, ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜುಗಳ ಕಡೆಯ ವಿದ್ಯಾರ್ಥಿಗಳು ಹೊಸ ಲ್ಯಾಪ್‌ಟಾಪ್ ತಂದು, ಲಿನಕ್ಸ್‌ನ ಬಗೆಗಳಾದ ಉಬುಂಟುವನ್ನೋ ಮಿಂಟನ್ನೋ ಹಾಕಿ, ಮಾರನೇ ದಿನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ವೈಫೈ ಕಾಣುತ್ತಿಲ್ಲ, ಸೌಂಡ್ ಬರುತ್ತಿಲ್ಲ, ಮುಚ್ಚಿ ಬ್ಯಾಗಿನಲ್ಲಿಟ್ಟರೆ ಬ್ಯಾಟರಿ ಖಾಲಿ. ಸುತ್ತಮುತ್ತ ಇರುವವರು ಕೊಡುವ ಸಲಹೆಯೂ ಒಂದೇ: ಇನ್ನೊಂದು ಸಲ ಇನ್‌ಸ್ಟಾಲ್ ಮಾಡಿ ನೋಡು. ಅದರಿಂದ ಉಪಯೋಗವಿಲ್ಲ. ಅದೇ ಪೆನ್‌ಡ್ರೈವಿನಿಂದ ಅದೇ ಕರ್ನಲ್ (ಲಿನಕ್ಸ್‌ನ ತಿರುಳು ಭಾಗ) ಮತ್ತೆ ಬಂದು ಕೂರುತ್ತದೆ, ತೊಂದರೆಯೂ ಅದರ ಜೊತೆಗೇ ಬರುತ್ತದೆ.

ವಿಂಡೋಸ್‌ನಲ್ಲಿ ಪ್ರತಿ ಕಂಪನಿಯ ಡ್ರೈವರ್, ಅಂದರೆ ಆಯಾ ಚಿಪ್ ನಡೆಸುವ ಸಾಫ್ಟ್‌ವೇರ್, ಬೇರೆಯಾಗಿ ಬರುತ್ತದೆ. ಲಿನಕ್ಸ್‌ನಲ್ಲಿ ಡ್ರೈವರ್‌ಗಳು ಬಹುಪಾಲು ಕರ್ನಲ್ ಒಳಗೇ ಇರುತ್ತವೆ. ಉಬುಂಟು 24.04 ಏಪ್ರಿಲ್ 2024ರಲ್ಲಿ ಬಂದಾಗ ಅದರಲ್ಲಿದ್ದದ್ದು 6.8 ಕರ್ನಲ್. ಮಿಂಟ್ 22ರಲ್ಲೂ ಅದೇ. ಅದಾದ ಮೇಲೆ ಮಾರುಕಟ್ಟೆಗೆ ಬಂದ ವೈಫೈ ಚಿಪ್ಪೋ ಆಡಿಯೋ ಚಿಪ್ಪೋ ಆ ಕರ್ನಲ್‌ಗೆ ಪರಿಚಯವೇ ಇರುವುದಿಲ್ಲ. ಗೆಳೆಯರ ಹತ್ತಿರ ಎರಡು ವರ್ಷದಿಂದ ಓಡಾಡುತ್ತಿರುವ ಐಎಸ್‌ಒ (ಇನ್‌ಸ್ಟಾಲ್ ಮಾಡುವ) ಫೈಲಿನಿಂದ ಈ ವರ್ಷದ ಲ್ಯಾಪ್‌ಟಾಪ್‌ಗೆ ಹಾಕಿದರೆ ಅರ್ಧ ತೊಂದರೆ ಅಲ್ಲೇ ಹುಟ್ಟುತ್ತದೆ. ಉಬುಂಟು 24.04.3 ಮತ್ತು ಮಿಂಟ್ 22.2ರಲ್ಲಿ 6.14 ಕರ್ನಲ್ ಇದೆ. ಹೊಸದಾಗಿ ಹಾಕುವವರು ಕನಿಷ್ಠ ಅಲ್ಲಿಂದ ಶುರುಮಾಡಿ.

ಈಗಾಗಲೇ ಹಾಕಿಯಾಗಿದ್ದರೆ ಕರ್ನಲ್ ಒಂದನ್ನೇ ಬದಲಿಸಬಹುದು. ಅದಕ್ಕೆ ಇಂಟರ್ನೆಟ್ ಬೇಕು, ವೈಫೈ ಇಲ್ಲ. ಇಲ್ಲಿಯೇ ಬಹಳ ಜನ ಸಿಕ್ಕಿಹಾಕಿಕೊಳ್ಳುವುದು. ದಾರಿ ಸುಲಭ: ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಮತ್ತು ಟೆದರಿಂಗ್ ತೆರೆದು ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಇದಕ್ಕೆ ಯಾವ ಡ್ರೈವರನ್ನೂ ಬೇರೆಯಾಗಿ ಹಾಕಬೇಕಿಲ್ಲ, ಲಿನಕ್ಸ್ ಅದನ್ನು ವೈರ್ ಕನೆಕ್ಷನ್ ಎಂದೇ ತಿಳಿಯುತ್ತದೆ. ಆ ಆಯ್ಕೆ ಫೋನಿನಲ್ಲಿ ಮಸುಕಾಗಿ ಕಂಡರೆ ಕೇಬಲ್ ಬದಲಿಸಿ. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಚಾರ್ಜಿಂಗ್ ತಂತಿ ಮಾತ್ರ ಇರುತ್ತದೆ, ಡೇಟಾ ತಂತಿ ಇರುವುದಿಲ್ಲ. ಇನ್ನೊಂದು ಅನುಕೂಲ: ಮನೆಯ ಅಥವಾ ಹಾಸ್ಟೆಲ್‌ನ ವೈಫೈಗೆ ಫೋನ್ ಸೇರಿಕೊಂಡಿದ್ದರೆ, ಹೆಚ್ಚಿನ ಫೋನ್‌ಗಳು ಆ ವೈಫೈಯನ್ನೇ ಕೇಬಲ್ ಮೂಲಕ ದಾಟಿಸುತ್ತವೆ. ಕರ್ನಲ್ ಮತ್ತು ಫರ್ಮ್‌ವೇರ್ (ಚಿಪ್ ಒಳಗೆ ಓಡುವ ಸಾಫ್ಟ್‌ವೇರ್) ಸೇರಿ ಕೆಲವು ನೂರು ಎಂಬಿ ಇಳಿಯುತ್ತದೆ, ಸಿಮ್ಮಿನ ದಿನದ ಡೇಟಾ ಉಳಿಯುತ್ತದೆ.

ನೆಟ್ ಬಂದ ಮೇಲೆ ಮೊದಲು ಪೂರ್ತಿ ಅಪ್‌ಡೇಟ್. ಕಮಾಂಡ್ ಬರೆಯುವ ಟರ್ಮಿನಲ್‌ನಲ್ಲಾದರೆ ಸುಡೊ ಆಪ್ಟ್ ಅಪ್‌ಡೇಟ್, ಆಮೇಲೆ ಸುಡೊ ಆಪ್ಟ್ ಫುಲ್-ಅಪ್‌ಗ್ರೇಡ್. ಮಿಂಟ್‌ನಲ್ಲಿ ಅಪ್‌ಡೇಟ್ ಮ್ಯಾನೇಜರ್ ತೆರೆದು ವ್ಯೂ ಮೆನುವಿನ ಲಿನಕ್ಸ್ ಕರ್ನಲ್ಸ್‌ಗೆ ಹೋದರೆ ಹೊಸ ಕರ್ನಲ್‌ಗಳ ಪಟ್ಟಿಯೇ ಸಿಗುತ್ತದೆ. ಬೇಕಾದ್ದನ್ನು ಒತ್ತಿದರೆ ಸಾಕು. ಉಬುಂಟು 24.04ರಲ್ಲಿ ಲಿನಕ್ಸ್-ಜೆನೆರಿಕ್-ಎಚ್‌ಡಬ್ಲ್ಯುಇ-24.04 ಎಂಬ ಪ್ಯಾಕೇಜ್ ಹಾಕಬೇಕು. ಹೊಸ ಕರ್ನಲ್ ಹಾಕಲು ಹೆದರಬೇಕಿಲ್ಲ, ಹಳೆಯದು ಅಳಿಯುವುದಿಲ್ಲ. ಬೂಟ್ ಆಗುವಾಗ ಎಸ್ಕೇಪ್ ಕೀ ಒತ್ತಿ ಗ್ರಬ್ ಮೆನು (ಯಾವುದನ್ನು ಬೂಟ್ ಮಾಡಬೇಕೆಂದು ಕೇಳುವ ಪಟ್ಟಿ) ತಂದುಕೊಂಡು, ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹಳೆಯ ಕರ್ನಲ್ ಆರಿಸಿದರೆ ಮೊದಲಿದ್ದ ಸ್ಥಿತಿಗೇ ಮರಳಬಹುದು.

ಇಷ್ಟಾದರೂ ವೈಫೈ ಬರಲಿಲ್ಲವೆಂದರೆ ಊಹೆ ಬಿಟ್ಟು ಚಿಪ್‌ನ ಹೆಸರು ತಿಳಿದುಕೊಳ್ಳಿ. ಎಲ್‌ಎಸ್‌ಪಿಸಿಐ ಕಮಾಂಡ್‌ಗೆ ಒಂದು ಹೈಫನ್ ಹಾಕಿ ಎನ್‌ಎನ್‌ಕೆ ಸೇರಿಸಿ ಕೊಡಿ. ಬರುವ ಉದ್ದ ಪಟ್ಟಿಯಲ್ಲಿ ನೆಟ್‌ವರ್ಕ್ ಕಂಟ್ರೋಲರ್ ಎಂಬ ಸಾಲು ಹುಡುಕಿ. ಅದರ ಕೆಳಗೆ "ಕರ್ನಲ್ ಡ್ರೈವರ್ ಇನ್ ಯೂಸ್" ಎಂದಿದ್ದರೆ ಡ್ರೈವರ್ ಸಿಕ್ಕಿದೆ, ತೊಂದರೆ ಬೇರೆ ಕಡೆ ಇದೆ. ಆ ಸಾಲೇ ಇಲ್ಲದಿದ್ದರೆ ಚಿಪ್‌ಗೆ ಡ್ರೈವರ್ ಸಿಕ್ಕಿಲ್ಲ. ಇಂಟೆಲ್ ಎಎಕ್ಸ್ ಸರಣಿಯ ಕಾರ್ಡ್‌ಗಳು ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ. ರಿಯಲ್‌ಟೆಕ್ 8852 ಸರಣಿಗೆ ಹೊಸ ಕರ್ನಲ್ ಸಾಕು. ಮೀಡಿಯಾಟೆಕ್‌ನಲ್ಲಿ ಎಂಟಿ7921, ಎಂಟಿ7922 ಕೆಲಸ ಮಾಡುತ್ತವೆ. ಆದರೆ ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಬರುವ ಎಂಟಿ7902ಗೆ ಬಹಳ ಕಾಲ ಕರ್ನಲ್‌ನಲ್ಲಿ ಡ್ರೈವರೇ ಇರಲಿಲ್ಲ. ಪಟ್ಟಿಯಲ್ಲಿ ಆ ಹೆಸರು ಕಂಡರೆ ವಾರಗಟ್ಟಲೆ ಕಮಾಂಡ್ ಹೊಡೆಯುತ್ತ ಕೂರುವುದಕ್ಕಿಂತ ಕಾರ್ಡನ್ನೇ ಬದಲಿಸುವುದು ಮೇಲು.

ಕಾರ್ಡ್ ಬದಲಿಸುವಾಗ ಒಂದು ವಿಷಯ ಸರಿಯಾಗಿ ನೋಡಿ. ಅಂಗಡಿಯಲ್ಲಿ ಇಂಟೆಲ್ ಎಎಕ್ಸ್210 ಮತ್ತು ಎಎಕ್ಸ್211 ಎರಡೂ ಒಂದೇ ಥರ ಕಾಣುತ್ತವೆ, ಅಳತೆಯೂ 22ಕ್ಕೆ 30 ಮಿಲಿಮೀಟರ್. ಎಎಕ್ಸ್211 ಮಾತ್ರ ಇಂಟೆಲ್ ಪ್ರೊಸೆಸರ್ ಜೊತೆಗಷ್ಟೇ ಮಾತಾಡುವ ಕಾರ್ಡ್, ಅದರ ಅರ್ಧ ಕೆಲಸ ಪ್ರೊಸೆಸರ್ ಕಡೆಯಲ್ಲಿ ನಡೆಯುತ್ತದೆ. ಎಎಂಡಿ ಲ್ಯಾಪ್‌ಟಾಪ್‌ಗೆ ಅದನ್ನು ಹಾಕಿದರೆ ಏನೂ ಕಾಣುವುದಿಲ್ಲ. ಎಎಂಡಿಗೆ ಎಎಕ್ಸ್210 ಎಂದೇ ಕೇಳಿ ತನ್ನಿ. ಹಿಂದಿನ ಮುಚ್ಚಳ ತೆಗೆದ ಕೂಡಲೇ ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಆಮೇಲೆ ಕಾರ್ಡ್ ಮುಟ್ಟಿ. ಕಾರ್ಡಿನ ಮೇಲೆ ಎರಡು ಆಂಟೆನಾ ತಂತಿ ಕೂತಿರುತ್ತವೆ. ಅವುಗಳ ತುದಿಯ ಗುಂಡು ಕನೆಕ್ಟರ್ ಸಾಸಿವೆ ಕಾಳಿನಷ್ಟೇ ಇರುತ್ತದೆ. ತಂತಿ ಹಿಡಿದು ಎಳೆಯಬೇಡಿ, ಕನೆಕ್ಟರ್ ಅಡಿಗೆ ಉಗುರು ಕೊಟ್ಟು ನೇರ ಮೇಲಕ್ಕೆ ಎತ್ತಿ. ಕೂರಿಸುವಾಗಲೂ ಓರೆಯಾಗದಂತೆ ಮೇಲಿನಿಂದ ನೇರ ಒತ್ತಿ, ಟಿಕ್ ಅನ್ನಬೇಕು. ಓರೆಯಾಗಿ ಒತ್ತಿದರೆ ಕಾರ್ಡಿನ ಮೇಲಿನ ಉಂಗುರ ಚಪ್ಪಟೆಯಾಗುತ್ತದೆ, ಸಿಗ್ನಲ್ ರೂಟರ್ ಪಕ್ಕದಲ್ಲಿ ಮಾತ್ರ ಬರುತ್ತದೆ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಚಿಪ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಹಾಗಿದ್ದರೆ ಲಿನಕ್ಸ್‌ಗೆ ಹೊಂದುವ ಸಣ್ಣ ಯುಎಸ್‌ಬಿ ವೈಫೈ ಒಂದೇ ದಾರಿ. ವಾರಂಟಿ ಇರುವಾಗ ಮುಚ್ಚಳ ತೆರೆಯಬಹುದೇ ಎಂದು ಮೊದಲೇ ಕೇಳಿಕೊಳ್ಳಿ.

ವೈಫೈ ಇದೆ, ಆದರೆ ಹತ್ತು ನಿಮಿಷಕ್ಕೊಮ್ಮೆ ಕಡಿದು ಹೋಗುತ್ತದೆ ಎನ್ನುವವರು ಪವರ್ ಸೇವಿಂಗ್ ನೋಡಿ. ಇಟಿಸಿ ಒಳಗಿನ ನೆಟ್‌ವರ್ಕ್‌ಮ್ಯಾನೇಜರ್ ಫೋಲ್ಡರ್‌ನಲ್ಲಿ ಕಾನ್ಫ್ ಡಾಟ್ ಡಿ ಇದೆ. ಅದರೊಳಗೆ ವೈಫೈ-ಪವರ್‌ಸೇವ್ ಎಂಬ ಹೆಸರಿನ ಫೈಲ್ ಇರುತ್ತದೆ. ಅದರಲ್ಲಿ 3 ಎಂದಿರುವುದನ್ನು 2 ಮಾಡಿ ರೀಸ್ಟಾರ್ಟ್ ಮಾಡಿ. 3 ಎಂದರೆ ಉಳಿತಾಯ ಆನ್, 2 ಎಂದರೆ ಆಫ್.

ಸಹಿ ಇರುವ ಸಾಫ್ಟ್‌ವೇರನ್ನು ಮಾತ್ರ ಬೂಟ್ ಆಗಲು ಬಿಡುವ ಸೆಕ್ಯೂರ್ ಬೂಟ್ ವಿಷಯಕ್ಕೆ ಬರೋಣ. ಎನ್‌ವಿಡಿಯಾ ಗ್ರಾಫಿಕ್ಸ್ ಇರುವವರ ಕಪ್ಪು ಪರದೆಗೆ ಬಹಳ ಸಲ ಇದೇ ಮೂಲ. ಇನ್‌ಸ್ಟಾಲ್ ಮಾಡುವಾಗ ಥರ್ಡ್ ಪಾರ್ಟಿ ಡ್ರೈವರ್‌ಗೆ ಟಿಕ್ ಹಾಕಿದರೆ ಒಂದು ಪಾಸ್‌ವರ್ಡ್ ಕೇಳುವುದುಂಟು. ಎಲ್ಲರೂ ಏನೋ ಒಂದು ಬರೆದು ಮುಂದೆ ಹೋಗುತ್ತಾರೆ. ಮೊದಲ ರೀಸ್ಟಾರ್ಟ್‌ನಲ್ಲಿ ನೀಲಿ ಪರದೆ ಬಂದು ಎಂಒಕೆ ಮ್ಯಾನೇಜ್‌ಮೆಂಟ್ ಎನ್ನುತ್ತದೆ. ಅದು ಕಾಯುವುದು ಹತ್ತೇ ಸೆಕೆಂಡ್. ಆ ಹೊತ್ತಿನಲ್ಲಿ ಏನೂ ಒತ್ತದಿದ್ದರೆ ಸದ್ದಿಲ್ಲದೆ ಮುಂದೆ ಹೋಗಿಬಿಡುತ್ತದೆ, ಡ್ರೈವರ್‌ನ ಸಹಿಯನ್ನು ಲ್ಯಾಪ್‌ಟಾಪ್ ಒಪ್ಪುವುದಿಲ್ಲ, ಡ್ರೈವರ್ ಲೋಡ್ ಆಗುವುದಿಲ್ಲ. ಮಾಡಬೇಕಾದದ್ದು ಇಷ್ಟು: ಯಾವುದಾದರೂ ಕೀ ಒತ್ತಿ, ಎನ್‌ರೋಲ್ ಎಂಒಕೆ, ಕಂಟಿನ್ಯೂ, ಯೆಸ್, ಅದೇ ಪಾಸ್‌ವರ್ಡ್, ರೀಬೂಟ್. ತಪ್ಪಿಹೋಗಿದ್ದರೆ ಅಪ್‌ಡೇಟ್-ಸೆಕ್ಯೂರ್‌ಬೂಟ್-ಪಾಲಿಸಿ ಎಂಬ ಕಮಾಂಡ್ ಅನ್ನು ಎನ್‌ರೋಲ್-ಕೀ ಆಯ್ಕೆಯೊಂದಿಗೆ ಸುಡೊ ಹಾಕಿ ಕೊಟ್ಟರೆ ಮುಂದಿನ ಬೂಟ್‌ನಲ್ಲಿ ನೀಲಿ ಪರದೆ ಮತ್ತೆ ಬರುತ್ತದೆ. ಸೆಕ್ಯೂರ್ ಬೂಟನ್ನೇ ಆಫ್ ಮಾಡು ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಜೊತೆಗೆ ವಿಂಡೋಸ್ 11 ಇಟ್ಟುಕೊಂಡವರು ಅದನ್ನು ಕೇಳುವ ಮುನ್ನ ಯೋಚಿಸಿ: ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ ಆಗಲೇ ಆನ್ ಆಗಿರುವುದುಂಟು, ಬಯೋಸ್ (ಲ್ಯಾಪ್‌ಟಾಪ್ ಏಳುವಾಗಿನ ಮೂಲ ಸೆಟ್ಟಿಂಗ್ಸ್) ಬದಲಾದ ಕೂಡಲೇ ವಿಂಡೋಸ್ 48 ಅಂಕಿಗಳ ಬಿಟ್‌ಲಾಕರ್ ರಿಕವರಿ ಕೀ ಕೇಳುತ್ತದೆ. ಆ ಕೀ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇರುತ್ತದೆ. ಬಯೋಸ್ ಮುಟ್ಟುವ ಮುಂಚೆಯೇ ಅದನ್ನು ಕಾಗದದ ಮೇಲೆ ಬರೆದಿಡಿ.

ಪರದೆ ಪೂರ್ತಿ ಕಪ್ಪಾಗಿ ಒಳಗೇ ಹೋಗಲಾಗದಿದ್ದರೆ, ಗ್ರಬ್ ಮೆನುವಿನಲ್ಲಿ ಉಬುಂಟು ಸಾಲಿನ ಮೇಲೆ ನಿಂತು ಇ ಒತ್ತಿ. ಕ್ವೈಟ್ ಸ್ಪ್ಲ್ಯಾಶ್ ಇರುವ ಕಡೆ ಪಕ್ಕದಲ್ಲಿ ಒಂದು ಜಾಗ ಬಿಟ್ಟು ನೊಮೋಡ್‌ಸೆಟ್ ಎಂದು ಸೇರಿಸಿ ಎಫ್10 ಒತ್ತಿ. ಇದು ಆ ಒಂದು ಬೂಟ್‌ಗೆ ಮಾತ್ರ. ಒಳಗೆ ಹೋದ ಮೇಲೆ ಮಿಂಟ್‌ನ ಡ್ರೈವರ್ ಮ್ಯಾನೇಜರ್ ಅಥವಾ ಉಬುಂಟುವಿನ ಅಡಿಷನಲ್ ಡ್ರೈವರ್ಸ್ ತೆರೆದು ರೆಕಮೆಂಡೆಡ್ ಎಂದು ಬರೆದಿರುವ ಡ್ರೈವರನ್ನೇ ಹಾಕಿ. ಎನ್‌ವಿಡಿಯಾ ಸೈಟಿನಿಂದ ಫೈಲ್ ಇಳಿಸಿಕೊಂಡು ಹಾಕಬೇಡಿ, ಮುಂದಿನ ಕರ್ನಲ್ ಅಪ್‌ಡೇಟ್‌ಗೆ ಅದು ಮುರಿಯುವ ಸಾಧ್ಯತೆ ಹೆಚ್ಚು.

ಇನ್‌ಸ್ಟಾಲ್ ಮಾಡುವಾಗ ಎಸ್‌ಎಸ್‌ಡಿಯೇ ಕಾಣಲಿಲ್ಲವೆಂದರೆ ಹೆಚ್ಚಾಗಿ ಡಿಸ್ಕ್ ನೋಡಿಕೊಳ್ಳುವ ಇಂಟೆಲ್ ವಿಎಂಡಿ ಅಥವಾ ಆರ್‌ಎಸ್‌ಟಿ ಆನ್ ಇದೆ ಎಂದರ್ಥ. ಬಯೋಸ್‌ನಲ್ಲಿ ಅದನ್ನು ಎಎಚ್‌ಸಿಐ ಎಂಬ ಸಾಮಾನ್ಯ ಡಿಸ್ಕ್ ಮೋಡ್‌ಗೆ ಬದಲಿಸಬೇಕು. ಏಸರ್‌ನಲ್ಲಿ ಈ ಆಯ್ಕೆ ಬಚ್ಚಿಟ್ಟಿರುತ್ತದೆ. ಮೇನ್ ಟ್ಯಾಬ್‌ನಲ್ಲಿ ನಿಂತು ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತಿದರೆ ಕಾಣುತ್ತದೆ. ವಿಂಡೋಸ್ ಉಳಿಸಿಕೊಳ್ಳುವವರು ಬದಲಿಸುವ ಮೊದಲು ವಿಂಡೋಸನ್ನು ಸೇಫ್ ಮೋಡ್‌ನಲ್ಲಿ ಏಳುವಂತೆ ಹೊಂದಿಸಿಡಬೇಕು, ಇಲ್ಲದಿದ್ದರೆ ವಿಂಡೋಸ್ ಏಳುವುದಿಲ್ಲ.

ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಡಮ್ಮಿ ಔಟ್‌ಪುಟ್ ಎಂದಷ್ಟೇ ಕಂಡರೆ ಸ್ಪೀಕರ್ ಕೆಟ್ಟಿಲ್ಲ. ಇಂಟೆಲ್‌ನ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಆಡಿಯೋಗೆ ಬೇರೆ ಫರ್ಮ್‌ವೇರ್ ಬೇಕು, ಫರ್ಮ್‌ವೇರ್-ಎಸ್‌ಒಎಫ್-ಸೈನ್ಡ್ ಎಂಬ ಪ್ಯಾಕೇಜ್. ಅದನ್ನು ಹಾಕಿ, ಪೂರ್ತಿ ಶಟ್‌ಡೌನ್ ಮಾಡಿ, ಮತ್ತೆ ಆನ್ ಮಾಡಿ. ಅದಕ್ಕೂ ಬರದಿದ್ದರೆ ಮತ್ತೆ ಕರ್ನಲ್ ಕಡೆಗೇ ನೋಡಬೇಕು.

ಬ್ಯಾಟರಿ ಬಗ್ಗೆ ನಮ್ಮೂರಲ್ಲಿ ಹೆಚ್ಚು ಹೇಳಬೇಕು. ಏಪ್ರಿಲ್, ಮೇ ಬಿಸಿಲಿಗೆ ಮುಚ್ಚಿದ ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಎಚ್ಚರವಾಗಿಯೇ ಇದ್ದರೆ ಬ್ಯಾಟರಿ ಖಾಲಿಯಾಗುವುದಷ್ಟೇ ಅಲ್ಲ, ಕಾದು ಬೇಗ ಸವೆಯುತ್ತದೆ. ಹಳೆಯ ಲ್ಯಾಪ್‌ಟಾಪ್‌ಗಳು ಸಸ್ಪೆಂಡ್ ಆದಾಗ, ಅಂದರೆ ನಿದ್ದೆಗೆ ಹೋದಾಗ, ರ‍್ಯಾಮ್ ಬಿಟ್ಟು ಉಳಿದೆಲ್ಲವೂ ಆರುತ್ತಿತ್ತು. ಹೊಸವುಗಳಲ್ಲಿ ಬಹುಪಾಲು ಫೋನಿನ ಹಾಗೆ ಅರೆನಿದ್ದೆ ಮಾತ್ರ, ಅದರ ಹೆಸರು ಎಸ್2ಐಡಲ್. ಸಿಸ್ ಒಳಗಿನ ಪವರ್ ಫೋಲ್ಡರ್‌ನಲ್ಲಿರುವ ಮೆಮ್_ಸ್ಲೀಪ್ ಫೈಲನ್ನು ಓದಿ. ಅದರಲ್ಲಿ ಡೀಪ್ (ಪೂರ್ತಿ ನಿದ್ದೆ) ಎಂಬ ಪದವೂ ಇದ್ದರೆ ಗ್ರಬ್ ಫೈಲಿನಲ್ಲಿ ಡೀಪನ್ನೇ ಡಿಫಾಲ್ಟ್ ಮಾಡಿಕೊಳ್ಳಬಹುದು. ಎಸ್2ಐಡಲ್ ಒಂದೇ ಇದ್ದರೆ ಬಯೋಸ್ ಅಪ್‌ಡೇಟ್ ಇದೆಯೇ ನೋಡಿ, ಎಫ್‌ಡಬ್ಲ್ಯುಯುಪಿಡಿ (ಲಿನಕ್ಸ್‌ನ ಫರ್ಮ್‌ವೇರ್ ಅಪ್‌ಡೇಟ್ ಸಾಧನ) ಬೆಂಬಲ ಇರುವ ಡೆಲ್, ಲೆನೊವೊ, ಎಚ್‌ಪಿ ಮಾಡೆಲ್‌ಗಳಿಗೆ ಲಿನಕ್ಸ್‌ನಿಂದಲೇ ಹಾಕಬಹುದು. ಬಸ್ಸಿನಲ್ಲಿ ಊರಿಗೆ ಹೋಗುವಾಗ ಮಾತ್ರ ಶಟ್‌ಡೌನ್ ಮಾಡಿಯೇ ಬ್ಯಾಗಿಗೆ ಹಾಕಿ.

ಇನ್ವರ್ಟರ್ ಇರುವ ಮನೆಗಳಲ್ಲಿ ಲ್ಯಾಪ್‌ಟಾಪ್ ದಿನವಿಡೀ ಚಾರ್ಜರ್ ಮೇಲೇ ಇರುತ್ತದೆ. ನೂರಕ್ಕೆ ನೂರು ತುಂಬಿಕೊಂಡೇ ಇರುವುದು ಬ್ಯಾಟರಿಗೆ ಒಳ್ಳೆಯದಲ್ಲ, ಸೆಕೆಯಲ್ಲಂತೂ ಇನ್ನೂ ಕೆಡುಕು. ಅಸೂಸ್, ಥಿಂಕ್‌ಪ್ಯಾಡ್‌ಗಳಲ್ಲಿ 80ಕ್ಕೆ ನಿಲ್ಲಿಸಬಹುದು, ಐಡಿಯಾಪ್ಯಾಡ್‌ನಲ್ಲಿ ಕನ್ಸರ್ವೇಷನ್ ಮೋಡ್ ಇದೆ. ಟಿಎಲ್‌ಪಿ ಎಂಬ ಪ್ಯಾಕೇಜ್ ಹಾಕಿದರೆ ಇವನ್ನು ಒಂದೇ ಫೈಲಿನಿಂದ ಹೊಂದಿಸಬಹುದು. ಆದರೆ ಉಬುಂಟುವಿನಲ್ಲಿ ಆಗಲೇ ಇರುವ ಪವರ್-ಪ್ರೊಫೈಲ್ಸ್-ಡೀಮನ್ ಜೊತೆ ಟಿಎಲ್‌ಪಿ ಹೊಂದುವುದಿಲ್ಲ, ಎರಡರಲ್ಲಿ ಒಂದನ್ನೇ ಇಟ್ಟುಕೊಳ್ಳಿ.

ವಿಂಡೋಸ್‌ಗೆ ಹೋಗಿ ಬಂದರೆ ಗಡಿಯಾರ ಸರಿಯಾಗಿ ಐದೂವರೆ ಗಂಟೆ ತಪ್ಪುವುದು ಕೆಟ್ಟದ್ದರಿಂದಲ್ಲ. ಬೋರ್ಡಿನ ಗಡಿಯಾರವನ್ನು ಲಿನಕ್ಸ್ ಯುಟಿಸಿ (ಜಾಗತಿಕ ಸಮಯ) ಎಂದು ಓದುತ್ತದೆ, ವಿಂಡೋಸ್ ಭಾರತದ ಸಮಯ ಎಂದು ಓದುತ್ತದೆ. ಟೈಮ್‌ಡೇಟ್‌ಸಿಟಿಎಲ್ ಕಮಾಂಡ್‌ನಲ್ಲಿ ಸೆಟ್-ಲೋಕಲ್-ಆರ್‌ಟಿಸಿ 1 ಎಂದು ಕೊಟ್ಟರೆ ಇಬ್ಬರೂ ಒಂದೇ ಲೆಕ್ಕಕ್ಕೆ ಬರುತ್ತಾರೆ. ವಿಂಡೋಸ್ ಡ್ರೈವ್ ತೆರೆದರೂ ಬರೆಯಲು ಬಿಡದಿದ್ದರೆ ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದಾಗ ವಿಂಡೋಸ್ ನಿಜವಾಗಿ ಶಟ್‌ಡೌನ್ ಆಗುವುದೇ ಇಲ್ಲ. ಕೆಲವು ವೈಫೈ ಕಾರ್ಡ್‌ಗಳು ಲಿನಕ್ಸ್‌ನಲ್ಲಿ ಏಳದೇ ಇರುವುದಕ್ಕೂ ಇದೇ ಕಾರಣ.

ಕನ್ನಡ ಟೈಪಿಂಗ್ ನನ್ನ ಮಟ್ಟಿಗೆ ಇದೆಲ್ಲಕ್ಕಿಂತ ಮುಖ್ಯ. ಲಿನಕ್ಸ್‌ನಲ್ಲಿ ಕನ್ನಡ ಬರುವುದಿಲ್ಲ ಎಂದು ಇನ್ನೂ ಹೇಳುವವರಿದ್ದಾರೆ. ಓದಲು ಏನೂ ಮಾಡಬೇಕಿಲ್ಲ, ನೋಟೊ ಫಾಂಟ್ ಹೆಚ್ಚಾಗಿ ಜೊತೆಗೇ ಇರುತ್ತದೆ. ಫಾಂಟ್ಸ್-ಕೆಎನ್‌ಡಿಎ ಹಾಕಿದರೆ ಗುಬ್ಬಿ, ನವಿಲು ಎಂಬ ಫಾಂಟ್‌ಗಳೂ ಬರುತ್ತವೆ. ಬರೆಯಲು ಐಬಸ್-ಎಂ17ಎನ್ ಎಂಬ ಟೈಪಿಂಗ್ ಪ್ಯಾಕೇಜ್ ಹಾಕಿ, ಲಾಗೌಟ್ ಆಗಿ ಮತ್ತೆ ಬನ್ನಿ. ಲಾಗೌಟ್ ಆಗದಿದ್ದರೆ ಪಟ್ಟಿಯಲ್ಲಿ ಕನ್ನಡ ಕಾಣುವುದಿಲ್ಲ, ಹೆಚ್ಚಿನವರು ಕೈಬಿಡುವುದು ಈ ಹಂತದಲ್ಲಿ. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡದ ಕೆಳಗೆ ಕೆಜಿಪಿ (ಕನ್ನಡ ಗಣಕ ಪರಿಷತ್) ಆರಿಸಿ. ಕೆ. ಪಿ. ರಾವ್ ರೂಪಿಸಿದ ವಿನ್ಯಾಸ ಅದು, ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರು ಹೊಸದಾಗಿ ಕಲಿಯುವಂಥದ್ದೇನೂ ಇಲ್ಲ, ಒತ್ತಕ್ಷರಕ್ಕೆ ಅದೇ ಎಫ್ ಕೀ. ಮಿಂಟ್‌ನಲ್ಲಾದರೆ ಇನ್‌ಪುಟ್ ಮೆಥಡ್‌ನಲ್ಲಿ ಮೊದಲು ಐಬಸ್ ಆರಿಸಬೇಕು. ಡಿಟಿಪಿ ಅಂಗಡಿಯಿಂದ ಬಂದ ಹಳೆಯ ನುಡಿ ಫೈಲ್ ತೆರೆದಾಗ ಇಂಗ್ಲಿಷ್ ಅಕ್ಷರಗಳ ಗೋಜಲು ಕಂಡರೆ ಅದು ಯೂನಿಕೋಡ್ ಅಲ್ಲ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಬೇಕು, ಫಾಂಟ್ ಬದಲಿಸುತ್ತ ಕೂತರೆ ಆಗದು.

ಕೊನೆಗೆ ಪ್ರಿಂಟರ್. ಎಚ್‌ಪಿ ಲೇಸರ್‌ಜೆಟ್ 1020 ಥರದವಕ್ಕೆ ಎಚ್‌ಪಿ-ಪ್ಲಗಿನ್ ಎಂಬ ಕಮಾಂಡ್ ಕೊಟ್ಟು ಫರ್ಮ್‌ವೇರ್ ಇಳಿಸಿಕೊಳ್ಳಬೇಕು, ಇಲ್ಲದಿದ್ದರೆ ಪ್ರಿಂಟರ್ ಪಟ್ಟಿಯಲ್ಲಿ ಕಂಡರೂ ಕಾಗದ ಹೊರಬರುವುದಿಲ್ಲ. ಅಂಗಡಿ, ಆಫೀಸುಗಳಲ್ಲಿ ಹೆಚ್ಚು ಕಾಣುವ ಕ್ಯಾನನ್ ಎಲ್‌ಬಿಪಿ2900 ತನ್ನದೇ ಸಿಎಪಿಟಿ ಭಾಷೆಯಲ್ಲಿ ಮಾತಾಡುತ್ತದೆ, ಲಿನಕ್ಸ್‌ನಲ್ಲಿ ಅದನ್ನು ಓಡಿಸುವುದು ತಲೆನೋವಿನ ಕೆಲಸ. ಹೊಸ ಪ್ರಿಂಟರ್ ಕೊಳ್ಳುವವರು ಡಬ್ಬದ ಮೇಲೆ ಏರ್‌ಪ್ರಿಂಟ್ ಅಥವಾ ಐಪಿಪಿ ಎವೆರಿವೇರ್ ಎಂದಿದೆಯೇ ನೋಡಿ ಕೊಳ್ಳಿ. ಅಂಥವಕ್ಕೆ ಸಾಮಾನ್ಯವಾಗಿ ಬೇರೆ ಡ್ರೈವರ್ ಹಾಕಬೇಕಿಲ್ಲ.